ನಿಂತ ಯಂತ್ರದ ಲೆಕ್ಕ ಯಾರ ಪಾಲಿಗೆ?



ತಂತ್ರಜ್ಞಾನದ ಬಗ್ಗೆ ಉಪನ್ಯಾಸವೆಂದರೆ ಓಡುವ ಯಂತ್ರದ ವರ್ಣನೆ ಇರಬೇಕೆಂದು ಎಲ್ಲರ ನಿರೀಕ್ಷೆ. ನಾನು ಇವತ್ತು ನಿಂತ ಯಂತ್ರದ ಬಗ್ಗೆ ಹೇಳುತ್ತೇನೆ. ಅದರಲ್ಲೂ ಅದನ್ನು ರಿಪೇರಿ ಮಾಡುವ ವಿದ್ಯೆ ನನ್ನ ವಿಷಯವಲ್ಲ. ಅದು ಎಷ್ಟು ಹೊತ್ತು ನಿಂತಿತ್ತು ಎಂದು ಬರೆದಿಡುವ ಕೆಲಸ ನನ್ನ ವಿಷಯ. ಇಷ್ಟು ಸಣ್ಣ ಸಂಗತಿಗೆ ಒಂದು ಉಪನ್ಯಾಸ ಬೇಕೇ ಎಂದು ಅನ್ನಿಸಬಹುದು. ಹಾಗಾದರೆ ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ.

ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಮೊದಲ ಶಿಫ್ಟು, ಎರಡರಿಂದ ರಾತ್ರಿ ಹತ್ತರವರೆಗೆ ಎರಡನೆಯದು. ಒಂದು ಸಿಎನ್‌ಸಿ ಲೇತ್ 10:20ಕ್ಕೆ ನಿಲ್ಲುತ್ತದೆ. ಹೈಡ್ರಾಲಿಕ್ ಪ್ರೆಷರ್ ಕಡಿಮೆಯಾಗಿದೆ, ಚಕ್ ಜಾಬನ್ನು ಗಟ್ಟಿಯಾಗಿ ಹಿಡಿಯುತ್ತಿಲ್ಲ. ಆಪರೇಟರ್ ಎರಡು ಮೂರು ಸಲ ರೀಸೆಟ್ ಒತ್ತಿ ನೋಡಿ, 10:35ಕ್ಕೆ ಸೂಪರ್‌ವೈಸರ್‌ಗೆ ಹೇಳುತ್ತಾನೆ. ಸೂಪರ್‌ವೈಸರ್ ಕಂಪ್ಯೂಟರ್ ಮುಂದೆ ಕೂತು ದೂರು ಹಾಕುವಾಗ 10:50. ಫಿಟ್ಟರ್ 11:15ಕ್ಕೆ ಬರುತ್ತಾನೆ. ಸಿಲಿಂಡರಿನ ಸೀಲ್ ಹೋಗಿದೆಯೆಂದು 11:40ಕ್ಕೆ ಪತ್ತೆಯಾಗುತ್ತದೆ. ಆ ಅಳತೆಯ ಸೀಲ್ ಸ್ಟೋರ್ಸ್‌ನಲ್ಲಿಲ್ಲ. ಹೊರಗಿನಿಂದ ತರಿಸಿ ಕೈಗೆ ಸಿಗುವಾಗ 2:30. ಹಾಕಿ ಮುಗಿಸುವಾಗ 3:10. ಟ್ರಯಲ್ ಓಡಿಸಿ, ಅಳತೆ ನೋಡಿ, ಕ್ವಾಲಿಟಿಯವರು ಒಪ್ಪಿದ ಮೊದಲ ಪೀಸು ಹೊರಬರುವುದು 3:45ಕ್ಕೆ. ಫಿಟ್ಟರ್‌ಗೆ ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಕರೆ. ಅವನು ಕಂಪ್ಯೂಟರಿನಲ್ಲಿ ಕೆಲಸ ಮುಗಿಯಿತೆಂದು ಒತ್ತುವುದು ಸಂಜೆ 5ಕ್ಕೆ.

ಯಂತ್ರ ಎಷ್ಟು ಹೊತ್ತು ನಿಂತಿತ್ತು?

ಪ್ರೊಡಕ್ಷನ್‌ನವರನ್ನು ಕೇಳಿದರೆ 325 ನಿಮಿಷ ಎನ್ನುತ್ತಾರೆ. ಒಳ್ಳೆಯ ಪೀಸು ನಿಂತದ್ದರಿಂದ ಮತ್ತೆ ಒಳ್ಳೆಯ ಪೀಸು ಬರುವವರೆಗೆ. ಕಂಪ್ಯೂಟರ್ 370 ಎನ್ನುತ್ತದೆ. ದೂರು ಹಾಕಿದ ಗಳಿಗೆಯಿಂದ ದೂರು ಮುಚ್ಚಿದ ಗಳಿಗೆಯವರೆಗೆ. ಮೇಂಟೆನೆನ್ಸ್‌ನವರು 65 ಎನ್ನುತ್ತಾರೆ; ದೋಷ ಹುಡುಕಿದ್ದು 25 ನಿಮಿಷ, ಸರಿಮಾಡಿದ್ದು 40, ನಡುವಿನದು ಸ್ಟೋರ್ಸ್‌ನವರ ಕರ್ಮ. ಊಟದ ಅರ್ಧ ಗಂಟೆ ಯಂತ್ರ ಹೇಗೂ ನಿಲ್ಲುತ್ತಿತ್ತಲ್ಲ, ಅದನ್ನು ಕಳೆಯಬೇಕು ಎನ್ನುವ ಪ್ಲಾನಿಂಗ್‌ನವರ ಪ್ರಕಾರ 295. ಮೊದಲ ಶಿಫ್ಟಿನ ಸೂಪರ್‌ವೈಸರ್ ತನ್ನ ಪಾಲಿಗೆ 220 ಮಾತ್ರ ಬರೆದುಕೊಳ್ಳುತ್ತಾನೆ, ಉಳಿದ 105 ಎರಡನೆಯವನ ತಲೆಗೆ. ಇವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ 65ಕ್ಕೂ 370ಕ್ಕೂ ಇರುವ ಅಂತರ ಐದು ಪಟ್ಟಿಗಿಂತ ಹೆಚ್ಚು.

ನನ್ನ ವಾದ ಇಷ್ಟೇ: ಕಾರ್ಖಾನೆಯಲ್ಲಿ ನಿಂತ ಹೊತ್ತನ್ನು ದಾಖಲಿಸುವಾಗ ನಾವು ನಷ್ಟವನ್ನು ಯಾರ ಯಾರ ಪಾಲಿಗೆ ಎಷ್ಟೆಷ್ಟು ಎಂದು ಹಂಚುತ್ತಿರುತ್ತೇವೆ. ಪಾಲು ಹಂಚುವಾಗ ಜಗಳ ಸಹಜ. ಒಳ್ಳೆಯ ಸಾಫ್ಟ್‌ವೇರ್ ಆ ಜಗಳಕ್ಕೆ ಬೇಕಾದ ಸಮಯಗಳನ್ನೆಲ್ಲ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಕೆಟ್ಟ ಸಾಫ್ಟ್‌ವೇರ್ ಒಂದೇ ಅಂಕಿಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತದೆ.

ನಿಲ್ಲುವುದು ಯಾವಾಗಲೂ ಅವಮಾನವಾಗಿರಲಿಲ್ಲ. ಜಪಾನಿನ ಸಾಕಿಚಿ ಟೊಯೋಡಾ ಅವರ 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗದ ಹೆಗ್ಗಳಿಕೆಗಳಲ್ಲಿ ಒಂದು, ನೂಲು ಕಡಿದ ತಕ್ಷಣ ಅದು ತಾನಾಗಿ ನಿಲ್ಲುತ್ತಿತ್ತು ಎನ್ನುವುದು. ಕಡಿದ ನೂಲಿನಲ್ಲೇ ನೇಯ್ದು ಬಟ್ಟೆ ಹಾಳಾಗುವುದಕ್ಕಿಂತ ನಿಲ್ಲುವುದು ಲಾಭ. ಅದೇ ಮನೆತನದ ಕಾರು ಕಾರ್ಖಾನೆಗಳಲ್ಲಿ ಮುಂದೆ ಕೆಲಸಗಾರನೇ ಹಗ್ಗ ಎಳೆದು ಲೈನು ನಿಲ್ಲಿಸುವ ಪದ್ಧತಿ ಬಂತು. ಎಳೆದವನನ್ನು ಗದರುವಂತಿಲ್ಲ, ಸಹಾಯಕ್ಕೆ ಓಡಿ ಬರಬೇಕು. ಇಂಥ ಕಡೆ ನಿಂತ ಹೊತ್ತಿನ ದಾಖಲೆ ನೆಟ್ಟಗಿರುತ್ತದೆ, ಏಕೆಂದರೆ ನಿಲ್ಲಿಸಿದವನಿಗೆ ಅದನ್ನು ಮುಚ್ಚಿಡುವ ದರ್ದು ಇರುವುದಿಲ್ಲ.

ಅಲ್ಲಿಂದಲೇ ಬೆಳೆದ ಇನ್ನೊಂದು ಟಿಸಿಲು ಟಿಪಿಎಂ, ಅಂದರೆ ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್. 1971ರಲ್ಲಿ ಟೊಯೋಟಾ ಬಳಗದ ನಿಪ್ಪೊನ್‌ಡೆನ್ಸೊ ಕಂಪನಿಯಲ್ಲಿ ಅದು ರೂಪ ತಳೆಯಿತು. ಅದನ್ನು ಜಗತ್ತಿಗೆ ಹಂಚಿದವರು ಸೇಯಿಚಿ ನಕಾಜಿಮಾ. ಯಂತ್ರದ ನಷ್ಟಗಳನ್ನು ಅವರು ಆರು ಬಗೆ ಮಾಡಿದರು: ಬ್ರೇಕ್‌ಡೌನ್, ಸೆಟ್ಟಿಂಗ್ ಬದಲಿಸುವುದು, ಚಿಕ್ಕಪುಟ್ಟ ನಿಲುಗಡೆ, ವೇಗ ಕಡಿಮೆಯಾಗುವುದು, ಕೆಟ್ಟ ಮಾಲು, ಶುರುವಿನಲ್ಲಿ ಹಾಳಾಗುವ ಮಾಲು. ಲಭ್ಯತೆ, ವೇಗ, ಗುಣಮಟ್ಟ ಈ ಮೂರನ್ನು ಗುಣಿಸಿ ಬರುವ ಅಂಕಿಗೆ ಓಇಇ (ಯಂತ್ರದ ಒಟ್ಟಾರೆ ದಕ್ಷತೆ) ಎಂದು ಹೆಸರು. ನಕಾಜಿಮಾ ಹೇಳಿದ ಗುರಿ ಲಭ್ಯತೆ ಶೇ. 90, ವೇಗ ಶೇ. 95, ಗುಣಮಟ್ಟ ಶೇ. 99, ಗುಣಿಸಿದರೆ ಸುಮಾರು ಶೇ. 85. ಈ 85 ಎನ್ನುವುದು ಇವತ್ತು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎಷ್ಟೋ ಷೆಡ್ಡುಗಳ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ನೇತಾಡುತ್ತದೆ.

ನಕಾಜಿಮಾ ಅವರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಅಂಕಿಯನ್ನು ಮೇಲೇರಿಸುವ ನಮ್ಮ ಜಾಣ್ಮೆಯ ಬಗ್ಗೆ. ಎಂಟು ಗಂಟೆಯ ಶಿಫ್ಟು, 480 ನಿಮಿಷ. ಯಂತ್ರ ಕೆಟ್ಟು 60 ನಿಮಿಷ ನಿಂತಿತು. ಲಭ್ಯತೆ 420 ಭಾಗಿಸು 480, ಅಂದರೆ ಶೇ. 87.5. ಈಗ ಯಾರೋ ಒಬ್ಬರು ಆ 60 ನಿಮಿಷದ ಮುಂದೆ 'ಬ್ರೇಕ್‌ಡೌನ್' ಎಂದಿದ್ದದ್ದನ್ನು ಅಳಿಸಿ 'ಯೋಜಿತ ನಿರ್ವಹಣೆ' ಎಂದು ಬರೆಯುತ್ತಾರೆ. ಯೋಜಿತ ಹೊತ್ತನ್ನು ಛೇದದಿಂದಲೇ ಕಳೆಯುವುದು ನಿಯಮ. 420 ಭಾಗಿಸು 420. ಶೇ. 100! ಒಂದು ನಟ್ಟೂ ಬಿಗಿಯದೆ, ಒಂದು ತೊಟ್ಟು ಎಣ್ಣೆಯೂ ಹಾಕದೆ ಯಂತ್ರ ರಿಪೇರಿಯಾಯಿತು.

ಈಗ ಸಾಫ್ಟ್‌ವೇರ್‌ಗೆ ಬರೋಣ. ದೊಡ್ಡ ಕಾರ್ಖಾನೆಗಳಲ್ಲಿ ಬಹುವಾಗಿ ಕಾಣುವುದು ಸ್ಯಾಪ್‌ನ ಪ್ಲಾಂಟ್ ಮೇಂಟೆನೆನ್ಸ್ ಭಾಗ ಮತ್ತು ಐಬಿಎಂನ ಮ್ಯಾಕ್ಸಿಮೊ. ಎರಡೂ ಗಟ್ಟಿ ಸಾಫ್ಟ್‌ವೇರ್‌ಗಳೇ. ಸ್ಯಾಪ್‌ನಲ್ಲಿ ಯಂತ್ರ ಕೆಟ್ಟಾಗ ಹಾಕುವ ನೋಟಿಫಿಕೇಶನ್‌ಗೆ ಎಂ2 ಎಂದು ಹೆಸರು. ಅದರಲ್ಲಿ ದೋಷ ಶುರುವಾದ ಹೊತ್ತು, ಮುಗಿದ ಹೊತ್ತು ಎಂಬ ಎರಡು ಖಾನೆಗಳಿವೆ, 'ಬ್ರೇಕ್‌ಡೌನ್' ಎಂಬ ಒಂದು ಚೌಕವಿದೆ. ಆ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಆ ಹೊತ್ತು ನಿಲುಗಡೆಯ ಲೆಕ್ಕಕ್ಕೆ ಬರುತ್ತದೆ. ಹಾಕದಿದ್ದರೆ ಫಿಟ್ಟರ್ ಬಂದ, ಸೀಲ್ ಹಾಕಿದ, ದುಡ್ಡು ಖರ್ಚಾಯಿತು, ಎಲ್ಲ ದಾಖಲಾಗುತ್ತದೆ. ಯಂತ್ರ ಮಾತ್ರ ನಿಂತೇ ಇರಲಿಲ್ಲ! ಶುರುವಾದ ಹೊತ್ತನ್ನು ಯಾರೂ ತಿದ್ದದಿದ್ದರೆ ದೂರು ಟೈಪ್ ಮಾಡಿದ ಗಳಿಗೆಯೇ ಅಲ್ಲಿ ಕೂತುಬಿಡುವುದು ಮಾಮೂಲು. ನಮ್ಮ ಉದಾಹರಣೆಯ 10:20 ಹೀಗೆ 10:50 ಆಯಿತು.

ಮ್ಯಾಕ್ಸಿಮೊದಲ್ಲಿ ಯಂತ್ರಕ್ಕೆ ಕೆಲಸದ ಕ್ಯಾಲೆಂಡರ್ ಜೋಡಿಸಬಹುದು. ಜೋಡಿಸಿದರೆ ಕೆಲಸವಿಲ್ಲದ ಗಂಟೆಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಶಿಫ್ಟಿನ ಒಂದು ಕಾರ್ಖಾನೆಯಲ್ಲಿ ಶನಿವಾರ ರಾತ್ರಿ 9:30ಕ್ಕೆ ನಿಂತ ಯಂತ್ರ ಸೋಮವಾರ ಬೆಳಿಗ್ಗೆ 7ಕ್ಕೆ ಓಡಿತು ಎನ್ನಿ. ಗೋಡೆಯ ಗಡಿಯಾರದ ಪ್ರಕಾರ ಮೂವತ್ತಮೂರೂವರೆ ಗಂಟೆ, ಕ್ಯಾಲೆಂಡರಿನ ಪ್ರಕಾರ ಒಂದೂವರೆ ಗಂಟೆ. ಎರಡೂ ಬೇಕಾದವೇ. ಭಾನುವಾರ ಓವರ್‌ಟೈಮ್ ಮಾಡಿಸಿ ಓಡಿಸಬಹುದಿತ್ತೇ ಎಂದು ಕೇಳುವ ಮಾಲೀಕನಿಗೆ ಮೊದಲನೆಯದು ಬೇಕು. ಎಷ್ಟು ಪೀಸು ತಪ್ಪಿತು ಎಂದು ಕೇಳುವವನಿಗೆ ಎರಡನೆಯದು. ಆದರೆ ಒಂದೇ ಕಂಪನಿಯ ಎರಡು ಘಟಕಗಳಲ್ಲಿ ಒಂದು ಹೀಗೆ, ಇನ್ನೊಂದು ಹಾಗೆ ಲೆಕ್ಕ ಹಾಕಿ, ಹೆಡ್ ಆಫೀಸಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಘಟಕ ಜಾಣ ಎಂದು ತೀರ್ಮಾನಿಸುವುದಿದೆಯಲ್ಲ, ಅದಕ್ಕೆ ಏನೆನ್ನಬೇಕೋ ತಿಳಿಯದು.

ಚಿಕ್ಕ ನಿಲುಗಡೆಗಳದ್ದು ಬೇರೆಯೇ ಕಥೆ. ಬಾಟಲಿ ತುಂಬುವ ಲೈನಿನಲ್ಲಿ ಒಂದು ಬಾಟಲಿ ವಾಲುತ್ತದೆ, ಸೆನ್ಸರ್ ನಿಲ್ಲಿಸುತ್ತದೆ, ಪಕ್ಕದಲ್ಲಿದ್ದ ಹೆಣ್ಣುಮಗಳು ಕೈಯಿಂದ ನೆಟ್ಟಗೆ ಮಾಡಿ ಮತ್ತೆ ಓಡಿಸುತ್ತಾಳೆ. 40 ಸೆಕೆಂಡು. ಇದನ್ನು ಯಾರು ಬರೆಯುತ್ತಾರೆ? 'ಹತ್ತು ನಿಮಿಷ ಮೀರಿದ್ದನ್ನು ಮಾತ್ರ ಬರೆಯಿರಿ' ಎಂದು ಲಾಗ್‌ಬುಕ್ಕಿನ ರಟ್ಟಿನ ಮೇಲೇ ಅಚ್ಚಾಗಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೀಗಾದರೆ ಒಂದು ಶಿಫ್ಟಿನಲ್ಲಿ 48 ಸಲ, ಒಟ್ಟು 32 ನಿಮಿಷ. ಪುಸ್ತಕದಲ್ಲಿ ಸೊನ್ನೆ. ಬರೆಯುವ ಪುಸ್ತಕವನ್ನು ತೆರೆದು ನೋಡಿದವರಿಗೆ ಇನ್ನೊಂದು ಕಾಣುತ್ತದೆ: ಯಂತ್ರಗಳೆಲ್ಲ 10 ನಿಮಿಷ, 15 ನಿಮಿಷ, ಅರ್ಧ ಗಂಟೆ ಹೀಗೆ ಲೆಕ್ಕ ಹಿಡಿದಂತೆ ನಿಂತಿರುತ್ತವೆ. 17 ನಿಮಿಷ ನಿಲ್ಲುವ ಯಂತ್ರವನ್ನು ನಾನು ಕೈಬರಹದ ಲಾಗ್‌ಬುಕ್ಕಿನಲ್ಲಿ ಕಂಡದ್ದು ಅಪರೂಪ.

ಕರೆಂಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ನಿಲುಗಡೆಯ ಕಾರಣಗಳಲ್ಲಿ ಎಲ್ಲರಿಗೂ ಅನುಕೂಲವಾದದ್ದು ಅದೇ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಅಂದರೆ ಕೆಇಬಿ, ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು. ನಮ್ಮ ಲಾಗ್‌ಬುಕ್ಕುಗಳಲ್ಲಿ ಮಾತ್ರ ಇವತ್ತಿಗೂ 'ಕೆಇಬಿ ಕಟ್' ಎಂದೇ ಬರೆಯುತ್ತಾರೆ. ಕೆಇಬಿ ಎಂದು ಬರೆದರೆ ಕಾರ್ಖಾನೆಯ ಒಳಗೆ ಯಾರೂ ತಪ್ಪಿತಸ್ಥರಲ್ಲ. ಇಲ್ಲದ ಮಂಡಳಿಯ ತಲೆಗೆ ಕಟ್ಟಿದರೆ ಕೇಳುವವರು ಯಾರು?

ವೋಲ್ಟೇಜ್ ಎರಡು ಸೆಕೆಂಡು ಕುಸಿಯಿತು ಎಂದುಕೊಳ್ಳಿ. ಮನೆಯಲ್ಲಿ ಬಲ್ಬು ಒಮ್ಮೆ ಮಿನುಗಿ ಸುಮ್ಮನಾಗುತ್ತದೆ. ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರದ ಡ್ರೈವ್ ಟ್ರಿಪ್ ಆಗುತ್ತದೆ. ಟೂಲ್ ಜಾಬಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಜೋಪಾನವಾಗಿ ಹೊರತೆಗೆಯಬೇಕು, ಇನ್ಸರ್ಟ್ ಮುರಿದಿದ್ದರೆ ಬದಲಿಸಬೇಕು, ಯಂತ್ರವನ್ನು ರೆಫರೆನ್ಸ್‌ಗೆ ತರಬೇಕು, ಹಾಳಾದ ಜಾಬನ್ನು ಪಕ್ಕಕ್ಕಿಟ್ಟು ಹೊಸದು ಹಾಕಿ ಮೊದಲ ಪೀಸು ಅಳೆಯಬೇಕು. ಸಲೀಸಾಗಿ 40 ನಿಮಿಷ. ಈಗ ಕಾರಣದ ಖಾನೆಯಲ್ಲಿ ಏನು ಬರೆಯಬೇಕು? ವಿದ್ಯುತ್ ಕಂಪನಿಯ ಲೆಕ್ಕದಲ್ಲಿ ಅದು ಅಡಚಣೆಯೆಂದೇ ಸೇರದೆ ಹೋಗಬಹುದು. ಐದು ನಿಮಿಷದೊಳಗಿನ ಅಡಚಣೆಯನ್ನು ಕ್ಷಣಿಕವೆಂದು ಬೇರೆ ಇಡುವುದು ಐಇಇಇ 1366 ಮಾನದಂಡದ ಕ್ರಮ. ಹೀಗೆ ಒಂದೇ ಘಟನೆ ಒಂದು ಪುಸ್ತಕದಲ್ಲಿ ಇಲ್ಲವೇ ಇಲ್ಲ, ಇನ್ನೊಂದರಲ್ಲಿ 40 ನಿಮಿಷ. ಇದನ್ನು 'ಕರೆಂಟು' ಎಂದು ಬರೆದು ಕೈತೊಳೆದುಕೊಂಡರೆ ಮುಂದೆ ಯಾರೂ ಒಂದು ಸಣ್ಣ ಪ್ರಶ್ನೆ ಕೇಳುವುದಿಲ್ಲ: ಕಂಟ್ರೋಲರ್‌ಗೆ ಯುಪಿಎಸ್ ಇದ್ದಿದ್ದರೆ, ಕರೆಂಟು ಹೋದಾಗ ಟೂಲನ್ನು ಹಿಂದಕ್ಕೆ ಸರಿಸುವ ಸೌಲಭ್ಯವನ್ನು ಚಾಲೂ ಮಾಡಿದ್ದರೆ ಆ 40 ನಿಮಿಷದಲ್ಲಿ ಎಷ್ಟು ಉಳಿಯುತ್ತಿತ್ತು? ಪ್ರಚೋದನೆ ಹೊರಗಿನದು, ನಿಂತ ಹೊತ್ತು ಬಹುಪಾಲು ಒಳಗಿನದು. ಇವೆರಡಕ್ಕೂ ಬೇರೆ ಬೇರೆ ಖಾನೆ ಇಲ್ಲದ ಸಾಫ್ಟ್‌ವೇರ್ ಈ ಪ್ರಶ್ನೆ ಹುಟ್ಟಲು ಬಿಡುವುದಿಲ್ಲ.

ಕಾರಣಗಳ ಪಟ್ಟಿಯನ್ನೇ ನೋಡಿ. ಸಾಫ್ಟ್‌ವೇರ್ ಹಾಕುವ ದಿನ ಮೀಟಿಂಗ್ ರೂಮಿನಲ್ಲಿ ಕೂತ ಹಿರಿಯರು ಸೇರಿ ಒಂದು ಪಟ್ಟಿ ಮಾಡುತ್ತಾರೆ. ನೂರು ದಾಟುತ್ತದೆ. ಎಲ್ಲ ಇಂಗ್ಲಿಷಿನ ಸಂಕ್ಷೇಪ, ಪಕ್ಕದಲ್ಲಿ ಕೋಡು. ಕೂಲೆಂಟು ಹತ್ತಿದ ಕೈಯಲ್ಲಿ, ಮುಂದಿನ ಜಾಬ್ ಕಾಯುತ್ತಿರುವಾಗ, ನೂರರಲ್ಲಿ ಸರಿಯಾದದ್ದನ್ನು ಹುಡುಕುವ ತಾಳ್ಮೆ ಯಾರಿಗಿದೆ? ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದೇ ಆ ತಿಂಗಳ ದೊಡ್ಡ ಕಾಯಿಲೆಯಾಗುತ್ತದೆ. ಎರಡನೆಯ ಸ್ಥಾನ 'ಇತರೆ'. ತಿಂಗಳ ಕೊನೆಗೆ ಪ್ಯಾರೆಟೊ ಚಿತ್ರ ಬಿಡಿಸಿ, ಎತ್ತರದ ಕಂಬಕ್ಕೆ ಕ್ರಮ ಕೈಗೊಳ್ಳಿ ಎಂದು ಆದೇಶ ಹೊರಡುತ್ತದೆ. 'ಇತರೆ'ಯ ಮೇಲೆ ಏನು ಕ್ರಮ ಕೈಗೊಳ್ಳುತ್ತೀರಿ?

ಪಟ್ಟಿ ಒಂದು ಪರದೆಯಲ್ಲಿ ಹಿಡಿಯುವಷ್ಟಿರಬೇಕು, ಆ ಯಂತ್ರಕ್ಕೆ ಸಂಬಂಧಪಟ್ಟದ್ದಷ್ಟೇ ಇರಬೇಕು, ಆಪರೇಟರ್ ಬಾಯಲ್ಲಿ ಬರುವ ಮಾತಿನಲ್ಲೇ ಇರಬೇಕು. 'ಮೆಟೀರಿಯಲ್ ಬಂದಿಲ್ಲ', 'ಕ್ರೇನ್ ಸಿಕ್ಕಿಲ್ಲ', 'ಇನ್ಸರ್ಟ್ ಮುರಿದಿದೆ', 'ಚಿಪ್ಸ್ ಸುತ್ತಿಕೊಂಡಿದೆ', 'ಕ್ವಾಲಿಟಿಯವರಿಗೆ ಕಾಯುತ್ತಿದ್ದೇನೆ', 'ಗೊತ್ತಿಲ್ಲ'. ಕೊನೆಯದನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒತ್ತಲು ಬಿಡದ ಪರದೆ ಸುಳ್ಳು ಹೇಳಲು ಕಲಿಸುತ್ತದೆ. ಕನ್ನಡದಲ್ಲೇ ಹಾಕಿ ಎಂದರೆ ನಿಮ್ಮ ಚಪ್ಪಾಳೆ ಬರುತ್ತದೆಂದು ಗೊತ್ತು. ಆದರೆ ಬೆಂಗಳೂರಿನ ಶಾಪ್ ಫ್ಲೋರಿನಲ್ಲಿ ಇವತ್ತು ಒಡಿಶಾ, ಬಿಹಾರದ ಹುಡುಗರೂ ಇದ್ದಾರೆ. ಒತ್ತುವವನು ಯಾರೋ ಅವನ ಭಾಷೆಯಲ್ಲಿ ಪಟ್ಟಿ ತೋರಿಸುವುದು ಈಗಿನ ಕಂಪ್ಯೂಟರಿಗೆ ಕಷ್ಟವೇನಲ್ಲ. ಕನ್ನಡದವನಿಗೆ ಕನ್ನಡ ತೋರಿಸದಿರಲು ಕೂಡ ಅದೇ ಕಾರಣಕ್ಕೆ ಯಾವ ನೆಪವೂ ಇಲ್ಲ.

ಮನುಷ್ಯರ ಮೇಲೆ ನಂಬಿಕೆಯೇ ಬೇಡ, ಸೆನ್ಸರ್ ಹಾಕಿಬಿಡೋಣ ಎನ್ನುವವರು ಈಗ ಹೆಚ್ಚು. ಯಂತ್ರವನ್ನು ನಿಯಂತ್ರಿಸುವ ಪಿಎಲ್‌ಸಿಯಿಂದ ನೇರ ಸಿಗ್ನಲ್ ತೆಗೆದುಕೊಂಡರೆ ನಿಂತ ಗಳಿಗೆ, ಓಡಿದ ಗಳಿಗೆ ಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ಹಳೆಯ ಯಂತ್ರವಾದರೆ ಮೋಟಾರಿನ ವೈರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಹಾಕಿದರೂ ಸಾಕು. ನಾನು ಇದರ ಪರ. 10:20 ಎನ್ನುವುದು 10:50 ಆಗುವುದು ಇದರಿಂದ ತಪ್ಪುತ್ತದೆ, ಆ 48 ಚಿಕ್ಕ ನಿಲುಗಡೆಗಳೂ ಸಿಕ್ಕಿಬೀಳುತ್ತವೆ. ಆದರೆ ಸ್ಪಿಂಡಲ್ ತಿರುಗುತ್ತಿಲ್ಲ ಎಂದು ಸೆನ್ಸರ್ ಹೇಳಬಲ್ಲದೇ ಹೊರತು, ಡ್ರಾಯಿಂಗಿನಲ್ಲಿ ಒಂದು ಅಳತೆ ಸರಿಯಿಲ್ಲದೆ ಆಪರೇಟರ್ ಎಂಜಿನಿಯರನ್ನು ಹುಡುಕಿಕೊಂಡು ಹೋಗಿದ್ದಾನೆ ಎಂದು ಹೇಳಲಾರದು. ಇನ್ನು ಹಸಿರು ದೀಪ ಉರಿಯುತ್ತಲೇ ಇರಬೇಕೆಂಬ ಒತ್ತಡ ಬಿದ್ದರೆ ಜಾಬ್ ಇಲ್ಲದೆಯೇ ಪ್ರೋಗ್ರಾಮ್ ಓಡಿಸುವ ಉಪಾಯವೂ ಇದೆ. ಟೂಲ್ ಗಾಳಿಯನ್ನು ಕೊಯ್ಯುತ್ತಿರುತ್ತದೆ, ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ, ಮೇಲಿನ ಮಹಡಿಯಲ್ಲಿ ಸಂತೋಷ.

ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಪ್ರತಿ ವಾರ ಯಂತ್ರದ ಹೆಸರಿನ ಪಕ್ಕ ಆಪರೇಟರ್ ಹೆಸರನ್ನೂ ಹಾಕಿ ನಿಂತ ಗಂಟೆಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸತೊಡಗಿದರು. ಕೆಲವೇ ವಾರಗಳಲ್ಲಿ ಬ್ರೇಕ್‌ಡೌನ್ ಗಂಟೆಗಳು ಇಳಿದವು. ಮ್ಯಾನೇಜರ್‌ಗೆ ಶಹಭಾಸ್‌ಗಿರಿ ಸಿಕ್ಕಿತು. ಡಿಸ್ಪ್ಯಾಚ್ ಆದ ಪೀಸುಗಳ ಸಂಖ್ಯೆ ಮಾತ್ರ ಮೊದಲಿದ್ದಷ್ಟೇ ಇತ್ತು. ಹೋದ ಗಂಟೆಗಳೆಲ್ಲ 'ಸೆಟ್ಟಿಂಗ್' ಎಂಬ ಖಾನೆಯಲ್ಲಿ ತಣ್ಣಗೆ ಕೂತಿದ್ದವು. ಅದನ್ನು ಹೇಳಲು ಹೋದವರ ಮಾತು ಆ ಮೀಟಿಂಗಿನಲ್ಲಿ ಯಾರಿಗೂ ಬೇಕಿರಲಿಲ್ಲ. ಇದಕ್ಕಿಂತ ಕೆಟ್ಟ ಪರಿಣಾಮ ಆಮೇಲೆ ಬಂತು: ಸ್ಪಿಂಡಲ್ ಸದ್ದು ಬದಲಾಗಿದೆ ಎಂದು ಮೊದಲೇ ಹೇಳುತ್ತಿದ್ದ ಹಳೆಯ ಆಪರೇಟರ್‌ಗಳು ಹೇಳುವುದನ್ನೇ ಬಿಟ್ಟರು. ಹೇಳಿದರೆ ಯಂತ್ರ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ತನ್ನ ಹೆಸರು ಬೋರ್ಡಿಗೆ ಏರುತ್ತದೆ. ಬೇರಿಂಗ್ ಪೂರ್ತಿ ಹೋದ ಮೇಲೆಯೇ ಸುದ್ದಿ.

ಹಾಗಾದರೆ ದಾಖಲೆಯ ಹಿಂದೆ ದುಡ್ಡು, ದಂಡ ಇರಲೇಬಾರದೇ? ಇರಬಹುದು, ಆದರೆ ಎದುರು ಕಕ್ಷಿಗೆ ಪರೀಕ್ಷಿಸುವ ಅಧಿಕಾರ ಇರಬೇಕು. ಇದನ್ನು ದೇಶದ ಮಟ್ಟದಲ್ಲಿ ನಡೆಸುತ್ತಿರುವ ಒಂದು ವ್ಯವಸ್ಥೆ ನಮ್ಮ ಕಣ್ಣೆದುರಿಗೇ ಇದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟಿನ ಮೂರು ಘಟಕ, ಒಟ್ಟು 2400. ಇಂಥ ಕೇಂದ್ರೀಯ ಸ್ಥಾವರಗಳಿಗೆ ಸ್ಥಿರ ಶುಲ್ಕ ಸಿಗುವುದು ಎಷ್ಟು ವಿದ್ಯುತ್ ಮಾರಿದಿರಿ ಎಂಬುದರ ಮೇಲಲ್ಲ, ಎಷ್ಟು ಹೊತ್ತು ಎಷ್ಟು ಕೊಡಲು ಸಿದ್ಧರಿದ್ದಿರಿ ಎಂಬುದರ ಮೇಲೆ. ಲಭ್ಯತೆ ಆಧಾರಿತ ದರ ಎಂಬ ಈ ಪದ್ಧತಿ ದಕ್ಷಿಣ ವಲಯದಲ್ಲಿ 2003ರ ಜನವರಿಯಲ್ಲಿ ಜಾರಿಗೆ ಬಂತು. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಇಷ್ಟು ಮೆಗಾವಾಟ್ ಕೊಡಬಲ್ಲೆ ಎಂದು ಸ್ಥಾವರ ಮೊದಲೇ ಘೋಷಿಸುತ್ತದೆ. ನಮ್ಮ ಬೆಂಗಳೂರಿನಲ್ಲೇ ಇರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ ಅದನ್ನು ಬರೆದುಕೊಳ್ಳುತ್ತದೆ.

ಇಲ್ಲಿ ಸುಳ್ಳು ಹೇಳುವ ಆಸೆ ಹುಟ್ಟುವುದು ಸಹಜ. ಬಾಯ್ಲರ್ ಟ್ಯೂಬ್ ಸೋರುತ್ತಿದ್ದರೂ ಪೂರ್ತಿ ಸಿದ್ಧ ಎಂದು ಘೋಷಿಸಿ, ಬೇಡಿಕೆ ಕಡಿಮೆ ಇರುವ ರಾತ್ರಿಯಲ್ಲಿ ಯಾರೂ ಕೇಳುವುದಿಲ್ಲವೆಂದು ಕೂರಬಹುದು. ಅದಕ್ಕೇ ನಿಯಮದಲ್ಲಿ ಒಂದು ಕೊಕ್ಕೆ ಇಟ್ಟಿದ್ದಾರೆ: 'ಹೇಳಿದಷ್ಟು ಓಡಿಸಿ ತೋರಿಸಿ' ಎಂದು ಲೋಡ್ ಡಿಸ್ಪ್ಯಾಚ್ ಕೇಂದ್ರ ಕೇಳಬಹುದು. ತೋರಿಸಲಾಗದಿದ್ದರೆ ದಂಡ. ಈ ದಂಡದ ಪ್ರಮಾಣವನ್ನು ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬರೆದ ರೀತಿ ಹೀಗಿತ್ತು: ಮೊದಲ ಸುಳ್ಳು ಘೋಷಣೆಗೆ ಎರಡು ದಿನದ ಸ್ಥಿರ ಶುಲ್ಕ, ಎರಡನೆಯದಕ್ಕೆ ನಾಲ್ಕು ದಿನದ್ದು, ಮುಂದೆ ಹೀಗೇ ದುಪ್ಪಟ್ಟು. ತಪ್ಪಿ ಹೋದದ್ದು 15 ನಿಮಿಷದ ಒಂದು ತುಂಡೇ ಇರಲಿ, ದಂಡ ದಿನದ ಲೆಕ್ಕದಲ್ಲಿ. ಗಮನಿಸಿ, ದಂಡ ಬೀಳುವುದು ಯಂತ್ರ ನಿಂತದ್ದಕ್ಕಲ್ಲ. ನಿಂತಿದೆ ಎಂದು ಒಪ್ಪಿಕೊಂಡರೆ ಹೆಚ್ಚೆಂದರೆ ಆ ಹೊತ್ತಿನ ಶುಲ್ಕ ಹೋಗುತ್ತದೆ, ಅಷ್ಟೇ. ನಿಂತದ್ದನ್ನು ಮರೆಮಾಚಿದ್ದಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೋಗುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಲೆಕ್ಕ ತಿರುಗಾಮುರುಗಾ: ನಿಂತಿತು ಎಂದು ಬರೆದವನಿಗೆ ಬೈಗುಳ, 'ಸೆಟ್ಟಿಂಗ್' ಎಂದು ಬರೆದವನಿಗೆ ಇನ್ಸೆಂಟಿವ್.

ಸರಿಯಾದ ದಾಖಲೆಯಿಂದ ಆಗುವ ಲಾಭ ಒಂದು ಕಾರ್ಖಾನೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ನಾರ್ವೆಯಲ್ಲಿ 1981ರಲ್ಲಿ ಶುರುವಾದ ಒರೆಡಾ ಎಂಬ ಯೋಜನೆಯಲ್ಲಿ ಉತ್ತರ ಸಮುದ್ರದಲ್ಲಿ ತೈಲ ತೆಗೆಯುವ ಕಂಪನಿಗಳು ಕೈಜೋಡಿಸಿದವು. ವ್ಯಾಪಾರದಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳೇ. ಆದರೂ ನಿಮ್ಮ ಪಂಪು ಯಾವಾಗ ಕೆಟ್ಟಿತು, ನಮ್ಮ ವಾಲ್ವು ಯಾಕೆ ಕೆಟ್ಟಿತು ಎಂಬ ಮಾಹಿತಿಯನ್ನು ಒಂದೇ ಕಣಜಕ್ಕೆ ಹಾಕಿದರು. ಅದರ ಅನುಭವ ಮುಂದೆ 14224 ಎಂಬ ಐಎಸ್ಒ ಮಾನದಂಡಕ್ಕೆ ಬುನಾದಿಯಾಯಿತು. ಯಂತ್ರ ನಿಂತ ಒಟ್ಟು ಹೊತ್ತು ಬೇರೆ, ರಿಪೇರಿಗೆ ಕೈ ಹಚ್ಚಿದ ಹೊತ್ತು ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ನಮ್ಮ ಉದಾಹರಣೆಯ 325 ಮತ್ತು 65 ಅಲ್ಲಿ ಜಗಳವಾಡುವುದಿಲ್ಲ, ಎರಡಕ್ಕೂ ಅವುಗಳದೇ ಮನೆಯಿದೆ.

ಇನ್ನೊಂದು ಸಂಗತಿ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರಲ್ಲಿ ವಿಮಾನದ ಬಿಡಿಭಾಗಗಳ ಬಗ್ಗೆ ಒಂದು ವರದಿ ಕೊಟ್ಟರು. ಹಳೆಯದಾದಷ್ಟೂ ಕೆಡುವುದು ಹೆಚ್ಚು ಎಂಬ ನಂಬಿಕೆಗೆ ಹೊಂದುವ ಭಾಗಗಳು ಅವರಿಗೆ ಸಿಕ್ಕಿದ್ದು ಶೇ. 11 ಮಾತ್ರ. ಶೇ. 68ರಷ್ಟು ಭಾಗಗಳು ಹೊಸದಾಗಿ ಹಾಕಿದ ಆರಂಭದಲ್ಲೇ ಹೆಚ್ಚು ಕೆಡುತ್ತಿದ್ದವು. ವಿಮಾನದ ಅಂಕಿಯನ್ನು ಲೇತಿಗೆ ಹಾಗೇ ಹೊರಿಸಬಾರದು, ನಿಜ. ಆದರೆ ಹೋದ ವಾರ ಬಿಚ್ಚಿ ಸರ್ವಿಸ್ ಮಾಡಿದ್ದರಿಂದಲೇ ಈ ವಾರ ಕೆಟ್ಟಿತೇ ಎಂದು ಕೇಳುವ ಹಕ್ಕು ನಮಗೂ ಇದೆ. ಕೇಳಬೇಕಾದರೆ ಗಳಿಗೆಗಳು ಸರಿಯಾಗಿ ದಾಖಲಾಗಿರಬೇಕು, ಮುಂಚೆ ಏನು ಮಾಡಿದ್ದೆವು ಎಂಬುದು ಅದಕ್ಕೆ ಜೋಡಿಕೊಂಡಿರಬೇಕು. ತಿಂಗಳ ಸರಾಸರಿಯೊಂದನ್ನೇ ಇಟ್ಟುಕೊಂಡವರಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ.

ತಿದ್ದುವುದರ ಬಗ್ಗೆಯೂ ಒಂದು ಮಾತು. ಹೊತ್ತು, ಕಾರಣ ಎರಡನ್ನೂ ಆಮೇಲೆ ತಿದ್ದಬೇಕಾಗುತ್ತದೆ. ಮೊದಲು ಸೀಲ್ ಎಂದುಕೊಂಡದ್ದು ಪಂಪು ಎಂದು ಗೊತ್ತಾಗಬಹುದು. ಲೆಕ್ಕದ ಪುಸ್ತಕದಲ್ಲಿ ಬರೆದ ಬಾಬನ್ನು ಕೆರೆದು ಅಳಿಸಬಾರದು, ಗೀಟು ಹೊಡೆದು ಪಕ್ಕದಲ್ಲಿ ಬರೆಯಬೇಕು. ಯಂತ್ರದ ದಾಖಲೆಯೂ ಹಾಗೇ ಇರಬೇಕು. ಮೊದಲು ಏನಿತ್ತು, ಯಾರು ಯಾವಾಗ ಬದಲಿಸಿದರು ಎಂಬುದು ಉಳಿದಿರಲಿ. 'ಬ್ರೇಕ್‌ಡೌನ್' 'ಯೋಜಿತ ನಿರ್ವಹಣೆ' ಆದ ದಿನ ಅದರ ಹೆಜ್ಜೆಗುರುತು ಕಾಣುವಂತಿದ್ದರೆ ಶೇ. 87.5 ಅಷ್ಟು ಸುಲಭವಾಗಿ 100 ಆಗುವುದಿಲ್ಲ.

ಇಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಬಹಳ ಜನ ಇದ್ದೀರಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತೀರಿ. ಕೃತಕ ಬುದ್ಧಿಮತ್ತೆಯಿಂದ ಬ್ರೇಕ್‌ಡೌನನ್ನು ಮುಂಚಿತವಾಗಿ ಹೇಳುತ್ತೇವೆ ಎಂದು ನಿಮ್ಮಲ್ಲಿ ಅರ್ಧ ಜನ ಬರೆದುಕೊಟ್ಟಿರುತ್ತೀರಿ, ಬೇಡ ಎನ್ನುವುದಿಲ್ಲ. ಆದರೆ ನೀವು ಕಂಪ್ಯೂಟರಿಗೆ ಕಲಿಸಲು ಕೊಡುವ ಹಳೆಯ ದಾಖಲೆ 'ಇತರೆ' ಮತ್ತು 'ಕೆಇಬಿ ಕಟ್'ನಿಂದ ತುಂಬಿದ್ದರೆ ಅದು ಕಲಿಯುವುದೂ ಅದನ್ನೇ. ಅದಕ್ಕಿಂತ ಮೊದಲು ಒಂದು ಸಣ್ಣ ಕಾರ್ಖಾನೆಗೆ ಹೋಗಿ, ಒಂದೇ ಯಂತ್ರದ ಮುಂದೆ ಒಂದು ತಿಂಗಳು ಐದು ಖಾನೆಯ ದಾಖಲೆ ಇಡಿ: ನಿಂತ ಹೊತ್ತು, ಹೇಳಿದ ಹೊತ್ತು, ಫಿಟ್ಟರ್ ಬಂದ ಹೊತ್ತು, ಬಿಡಿಭಾಗ ಕೈಗೆ ಸಿಕ್ಕ ಹೊತ್ತು, ಮೊದಲ ಒಳ್ಳೆಯ ಪೀಸು ಬಂದ ಹೊತ್ತು. ಆಪರೇಟರ್ ಹೆಸರಿಗೆ ಖಾನೆ ಮಾಡಬೇಡಿ. ತಿಂಗಳ ಕೊನೆಗೆ ಆ ಹಾಳೆಯನ್ನು ಮಾಲೀಕರಿಗೆ ತೋರಿಸುವ ಮೊದಲು ಆಪರೇಟರ್‌ಗೆ ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿ. ಆಮೇಲೆ ಸಾಫ್ಟ್‌ವೇರ್ ಬರೆಯಿರಿ. ಬರೆದದ್ದನ್ನು ಮುಂದಿನ ವರ್ಷ ಇದೇ ದತ್ತಿ ಉಪನ್ಯಾಸದ ಸಭೆಯಲ್ಲಿ ನೀವೇ ತೋರಿಸಲು ಅವಕಾಶ ಕೊಡಬೇಕೆಂದು ಸಂಘಟಕರಲ್ಲಿ ನನ್ನ ಕೋರಿಕೆ.